ಪೇಂಟರ್ ಕೈಗೆ ಅನಿಮೇಷನ್ ಸಿಕ್ಕಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಕೈಯಲ್ಲೇ ಬರೆದು ಮಾಡೋ ಅನಿಮೇಷನ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟಕ್ಕೇ ಇಷ್ಟೊಂದು ಪತ್ರ, ವಾಟ್ಸಾಪ್ ಮೆಸೇಜ್ ಬಂದಿರೋದು ನೋಡಿ ತುಂಬಾ ಖುಷಿಯಾಯ್ತು. ಹೆಚ್ಚಿನವು ನಮ್ಮ ಶಿವಮೊಗ್ಗ ಜಿಲ್ಲೆಯವೇ, ಅದರಲ್ಲೂ ಚಿತ್ರ ಬರೆಯೋರದ್ದೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಾನು ಸೈನ್ ಬೋರ್ಡ್ ಬರೀತಾ ಬೆಳೆದವನು. ಫ್ಲೆಕ್ಸ್ ಬಂದಮೇಲೆ ಆ ಕೆಲಸ ಹೋಯ್ತು, ಈಗ ಜಲವರ್ಣದಲ್ಲಿ ಮಲೆನಾಡಿನ ದೃಶ್ಯ ಮಾಡ್ತೀನಿ. ಈ ಮಳೆಗಾಲದಲ್ಲಿ ಮಳೆ ಹೊಡೀತಿರೋ ಅಡಿಕೆ ತೋಟ ಒಂದನ್ನ ಹಾಳೆ ಮೇಲೆ ಹಾಳೆ ಬರೆದು, ಮೊಬೈಲಲ್ಲಿ ಫೋಟೋ ತೆಗೆದು ಓಡಿಸಿ ನೋಡಿದೆ. ಚಿತ್ರ ಪೂರ್ತಿ ಗಡಗಡ ನಡುಗತ್ತೆ, ಬೆಳಕು ಹೊತ್ತಿ ಆರಿದ ಹಾಗೆ ಆಗತ್ತೆ. ಮಗಳು "ಅಪ್ಪಾ, ಕಂಪ್ಯೂಟರಲ್ಲಿ ಮಾಡು" ಅಂತಾಳೆ. 48 ವರ್ಷಕ್ಕೆ ನನಗೆ ಇದೆಲ್ಲ ಬೇಕಾ? (ಸಾಗರದ ಕಲಾವಿದರೊಬ್ಬರು)

ಉತ್ತರ: ಮೊದಲು ವಯಸ್ಸಿನ ಮಾತು ಮುಗಿಸಿಬಿಡೋಣ ಸರ್. ಫ್ರಾನ್ಸಿನ ಎಮಿಲ್ ಕೋಲ್ ಹುಟ್ಟಿದ್ದು 1857ರಲ್ಲಿ, ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರ್ಕೊಂಡು ಬದುಕಿದವರು. ಅವರ 'ಫ್ಯಾಂಟಸ್ಮಗೋರಿ' ಪ್ಯಾರಿಸ್‌ನಲ್ಲಿ ತೆರೆ ಮೇಲೆ ಬಂದಿದ್ದು 1908ರ ಆಗಸ್ಟಲ್ಲಿ, ಅಂದ್ರೆ ಅವರಿಗೆ ಐವತ್ತು ದಾಟಿದ ಮೇಲೆ. ಕೈಯಲ್ಲಿ ಬರೆದ ಅನಿಮೇಷನ್ ಸಿನಿಮಾ ಅಂತ ಮಾತು ಬಂದ್ರೆ ಎಲ್ಲರೂ ಮೊದಲು ಹೆಸರು ಹೇಳೋದು ಅದನ್ನೇ. ಸುಮಾರು 700 ಚಿತ್ರ, ಒಂದೊಂದನ್ನೂ ಎರಡೆರಡು ಸಲ ಶೂಟ್ ಮಾಡಿ, ಓಡೋದು ಮಾತ್ರ ಒಂದೂಕಾಲು ನಿಮಿಷದ ಆಸುಪಾಸು. ಬಿಳಿ ಹಾಳೆ ಮೇಲೆ ಕಪ್ಪು ಗೆರೆ ಬರೆದು ಅದರ ನೆಗೆಟಿವ್ ತೋರಿಸಿದ್ರು, ಅದಕ್ಕೇ ಅದು ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ ಕಾಣತ್ತೆ. ಬಾಟಲಿ ಹೂವಾಗತ್ತೆ, ಹೂವು ಆನೆ ಆಗತ್ತೆ, ಹೀಗೇ ಹೋಗತ್ತೆ. ವ್ಯಂಗ್ಯಚಿತ್ರಕಾರನ ಕೈಗೆ ಏನು ಗೊತ್ತಿತ್ತೋ ಅದನ್ನೇ ಅವರು ಓಡಿಸಿದ್ದು, ಬೇರೆ ಯಾರದ್ದೋ ತರ ಮಾಡೋಕೆ ಹೋಗಲಿಲ್ಲ. ನಿಮಗೂ ನಾನು ಹೇಳೋದು ಇಷ್ಟೇ ಸರ್, ನಿಮ್ಮ ಕೈಗೆ ಜಲವರ್ಣ ಗೊತ್ತು, ಅದನ್ನ ಬಿಟ್ಟು ಟಿವಿ ಕಾರ್ಟೂನ್ ತರ ದಪ್ಪ ಗೆರೆ ಎಳೆದು ಬಣ್ಣ ತುಂಬೋಕೆ ಹೋಗಬೇಡಿ.

ಇನ್ನು ನಡುಕ. ಇದರಲ್ಲಿ ಎರಡು ತರ ಇದೆ, ಎರಡನ್ನೂ ಒಂದೇ ಅಂದ್ಕೊಂಡು ಎಷ್ಟೋ ಜನ ಪೇಂಟರ್‌ಗಳು ಮೊದಲ ವಾರದಲ್ಲೇ ಕೈಬಿಡ್ತಾರೆ. ಒಂದು, ಹಾಳೆನೇ ಜರುಗಿ ಚಿತ್ರ ಪೂರ್ತಿ ಅಲ್ಲಾಡೋದು. ಇದು ದೋಷ, ಸರಿ ಮಾಡಲೇಬೇಕು. ಇನ್ನೊಂದು, ಪ್ರತಿ ಹಾಳೆಯಲ್ಲೂ ಗೆರೆ ಒಂಚೂರು ಬೇರೆ ಬೇರೆ ಬಂದು, ಬಣ್ಣದ ಕಲೆ ಬೇರೆ ಬೇರೆ ಹರಡಿ, ನಿಂತ ಮರ ಕೂಡ ಒಳಗೊಳಗೇ ಮಿಡೀತಿರೋ ಹಾಗೆ ಕಾಣೋದು. ಇದು ಕೈಯಲ್ಲಿ ಬರೆದಿದ್ದಕ್ಕೆ ಸಾಕ್ಷಿ, ಮಳೆ ಹೊಡೀತಿರೋ ತೋಟಕ್ಕಂತೂ ಅದು ಬೇಕೇ ಬೇಕು, ದಯವಿಟ್ಟು ಅದನ್ನ ಉಳಿಸ್ಕೊಳ್ಳಿ.

ಮೊದಲನೇದಕ್ಕೆ ಮದ್ದು ಸುಲಭ. ಆಫೀಸಲ್ಲಿ ಫೈಲಿಗೆ ತೂತು ಹಾಕೋ ಎರಡು ತೂತಿನ ಪಂಚಿಂಗ್ ಮೆಷಿನ್ ಇರತ್ತಲ್ಲ, ಅದರಲ್ಲಿ ತೂತಿಂದ ತೂತಿಗೆ ನಡುವಿನ ಅಂತರ 80 ಮಿಲಿಮೀಟರ್, ತೂತಿನ ಅಗಲ 6 ಮಿಲಿಮೀಟರ್ ಆಸುಪಾಸು. ನಿಮ್ಮ ಊರಿನ ಬಡಗಿ ಹತ್ರ ಒಂದು ಹಲಗೆಗೆ ಅದೇ ಅಳತೇಲಿ ಎರಡು ಮರದ ಗೂಟ ಕೂರಿಸೋಕೆ ಹೇಳಿ, ಗೂಟ ಬಿಗಿ ಆದ್ರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ್ರೆ ಆಯ್ತು. ಬರೆಯೋದೂ ಅದರ ಮೇಲೆ, ಫೋಟೋ ತೆಗೆಯೋದೂ ಅದರ ಮೇಲೆ. ಅಮೆರಿಕಾದ ವಿನ್ಸರ್ ಮೆಕೇ 1914ರಲ್ಲಿ 'ಗರ್ಟಿ' ಅನ್ನೋ ಡೈನೋಸಾರ್ ಚಿತ್ರ ಮಾಡಿದಾಗ ತೆಳ್ಳನೆ ಅಕ್ಕಿ ಕಾಗದದ ಮೂಲೆಗಳಲ್ಲಿ ಅಡ್ಡ ಗುರುತು ಹಾಕ್ಕೊಂಡು ಒಂದರ ಮೇಲೊಂದು ಹೊಂದಿಸ್ತಿದ್ರು, ಆಗ ಹಿಂದಿನ ಬಂಡೆ ಮರ ಎಲ್ಲ ಹಾಳೆ ಹಾಳೆಗೂ ಮತ್ತೆ ಬರೀಬೇಕಿತ್ತು, ಅದಕ್ಕೇ ಒಬ್ಬ ಹುಡುಗನ್ನ ಇಟ್ಕೊಂಡಿದ್ರು. ಹಿಂದಿನ ದೃಶ್ಯ ಒಂದೇ ಸಲ ಬರೆದು ಅದರ ಮೇಲೆ ಇಡೋ ಪಾರದರ್ಶಕ ಸೆಲ್ ಹಾಳೆಗೆ ಪೇಟೆಂಟ್ ಅರ್ಜಿ ಹಾಕಿದ್ದೂ ಆ ವರ್ಷವೇ, ಅದು ಸಿಕ್ಕಿದ್ದು 1915ರಲ್ಲಿ, ಆಮೇಲೆ ಆ ಕಷ್ಟ ಕಮ್ಮಿ ಆಯ್ತು.

ಆದ್ರೆ ನಮ್ಮ ಕಡೆ ಇನ್ನೊಂದು ಕಷ್ಟ ಇದೆ, ಅದನ್ನ ಬೆಂಗಳೂರಲ್ಲೋ ಬಾಂಬೇಲೋ ಕೂತು ಬರೆದ ಪುಸ್ತಕದವರು ಹೇಳಲ್ಲ. ಜುಲೈನಲ್ಲಿ ಮಲೆನಾಡಿನ ಮನೆ ಒಳಗಿನ ಥಂಡಿಗೆ ಹಾಳೆ ನೀರು ಕುಡಿದು ಹಿಗ್ಗತ್ತೆ, ಅದೂ ಎರಡೂ ಕಡೆ ಸಮ ಹಿಗ್ಗಲ್ಲ, ನಾರು ಯಾವ ದಿಕ್ಕಿಗಿದೆಯೋ ಅದಕ್ಕೆ ಅಡ್ಡಕ್ಕೆ ಜಾಸ್ತಿ ಹಿಗ್ಗತ್ತೆ. ಬೆಳಿಗ್ಗೆ ಬರೆದಿದ್ದು ಸಂಜೆ ಬರೆದಿದ್ದಕ್ಕೆ ಕೂರಲ್ಲ. ಅದರ ಮೇಲೆ ಜಲವರ್ಣದ ನೀರು ಬೇರೆ. ಹಾಗಾಗಿ ಒಂದು ದೃಶ್ಯಕ್ಕೆ ಬೇಕಾದ ಹಾಳೆ ಪೂರ್ತಿ ಒಂದೇ ಕಟ್ಟಿಂದ ತೆಗೀರಿ, ಎಲ್ಲಾ ಒಂದೇ ದಿಕ್ಕಿಗೆ ಇರಲಿ, ಬರೆದ ಮೇಲೆ ಒಣಗಿಸಿ ಹಲಗೆ ಕೆಳಗೆ ಒತ್ತಿಡಿ, ಫೋಟೋ ಮಾತ್ರ ಎಲ್ಲಾ ಒಂದೇ ದಿನ ಒಂದೇ ಕೂರುವಿಕೇಲಿ ತೆಗೀರಿ. ಹಾಳೆ ಮೇಲೆ ಒಂದು ಗಾಜು ಇಟ್ರೆ ಏರುಪೇರು ಕಾಣಲ್ಲ, ಗಾಜಿನ ಹೊಳಪು ಬಂದ್ರೆ ದೀಪಾನ ಪಕ್ಕದಿಂದ ಓರೆಯಾಗಿ ಕೊಡಿ.

ಬೆಳಕು ಹೊತ್ತಿ ಆರೋದಕ್ಕೆ ಎರಡು ಕಾರಣ ಇರಬಹುದು. ಕಿಟಕಿ ಬೆಳಕಲ್ಲಿ ತೆಗೆದಿದ್ರೆ ಮೋಡ ಸರಿದ ಹಾಗೆಲ್ಲ ಬೆಳಕು ಬದಲಾಗತ್ತೆ, ಮೊಬೈಲ್ ತಾನೇ ಅದನ್ನ ಸರಿ ಮಾಡೋಕೆ ಹೋಗಿ ಇನ್ನಷ್ಟು ಕೆಡಿಸತ್ತೆ. ಕಿಟಕಿ ಮುಚ್ಚಿ, ಎರಡು ಬಲ್ಬ್ ಎರಡು ಕಡೆಯಿಂದ ಹಾಕಿ, ಮೊಬೈಲಲ್ಲಿ ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರೂ ಲಾಕ್ ಮಾಡಿ. ಇನ್ನೊಂದು ಕರೆಂಟಿನದ್ದು. ನಮ್ಮಲ್ಲಿ 50 ಹರ್ಟ್ಜ್ ಕರೆಂಟು, ಕಡಿಮೆ ದರ್ಜೆ ಎಲ್ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗತ್ತೆ, ಕಣ್ಣಿಗೆ ಕಾಣಲ್ಲ ಕ್ಯಾಮೆರಾಗೆ ಕಾಣತ್ತೆ. ಶಟರ್ ಸ್ಪೀಡು, ಅಂದ್ರೆ ಕ್ಯಾಮೆರಾ ಬೆಳಕು ತಗೊಳ್ಳೋ ಹೊತ್ತು, ಸೆಕೆಂಡಿನ 50ನೇ ಒಂದು ಭಾಗಕ್ಕೋ 100ನೇ ಒಂದು ಭಾಗಕ್ಕೋ ಇಟ್ರೆ ಅದು ಹೋಗತ್ತೆ.

ಇನ್ನು ಮಳೆ, ಇದೇ ನನಗೆ ನಿಮ್ಮ ಪತ್ರದಲ್ಲಿ ತುಂಬಾ ಇಷ್ಟವಾಗಿದ್ದು. ನೀವು ಒಂದೊಂದು ಹನೀನೂ ಹಿಂದಿನ ಹಾಳೆಯಿಂದ ಸ್ವಲ್ಪ ಕೆಳಗೆ ಇಳಿಸಿ ಬರೆದಿದ್ದೀನಿ ಅಂದಿದ್ದೀರಿ. ಅಷ್ಟು ಕಷ್ಟ ಬೇಡ ಸರ್, ಅದೂ ಅಲ್ಲದೆ ಹಾಗೆ ಮಾಡಿದ್ರೆ ಮಳೆ ನಿಧಾನಕ್ಕೆ ಜಾರೋ ದಾರದ ತರ ಕಾಣತ್ತೆ. ಬರೀ ಮಳೆ ಗೆರೆಗಳದ್ದೇ ಆರೇಳು ಹಾಳೆ ಮಾಡ್ಕೊಳ್ಳಿ, ಒಂದಕ್ಕೊಂದು ಸಂಬಂಧ ಇರಬಾರದು, ಇಳಿಜಾರು ಮಾತ್ರ ಒಂದೇ ಇರಲಿ, ಆಮೇಲೆ ಅವನ್ನ ಹಿಂದೆ ಮುಂದೆ ಬೆರೆಸಿ ಓಡಿಸಿ. ಕಣ್ಣು ತಾನೇ ಅದನ್ನ ಮಳೆ ಅಂತ ಓದತ್ತೆ. ಉಳಿಸಿದ ಶ್ರಮ ಪೂರ್ತಿ ಮರಕ್ಕೆ ಹಾಕಿ. ಗಾಳಿ ಬಂದಾಗ ಅಡಿಕೆ ಮರದ ಬುಡ ಅಲ್ಲಾಡಲ್ಲ, ಮೇಲೆ ಹೋದಷ್ಟೂ ತೂಗೋದು ಜಾಸ್ತಿ, ಕಾಂಡ ಒಂದು ಕಡೆ ಬಾಗಿ ವಾಪಸ್ ಹೊರಟಾಗ ಸೋಗೆ ಇನ್ನೂ ಆ ಕಡೆಗೇ ಹೋಗ್ತಿರತ್ತೆ, ಒಂದೆರಡು ಹಾಳೆ ತಡವಾಗಿ ತಿರುಗತ್ತೆ. ಬಾಗಿ ನಿಲ್ಲೋ ತುದೀಲಿ ಚಿತ್ರಗಳು ಹತ್ರ ಹತ್ರ ಇರಬೇಕು, ನಡುವೆ ದೂರ ದೂರ. ತೋಟದಲ್ಲಿ ಐದು ನಿಮಿಷ ನಿಂತು ಬರೀ ಒಂದೇ ಮರ ನೋಡಿ, ನಿಮಗೆ ಯಾರೂ ಹೇಳಿಕೊಡೋದು ಬೇಕಿಲ್ಲ. ಮೆಕೇ ತನ್ನ ಡೈನೋಸಾರಿನ ಉಸಿರಾಟ ಬರೆಯೋಕೆ ತನ್ನದೇ ಉಸಿರಿಗೆ ಟೈಮ್ ಹಿಡ್ಕೊಂಡು ಲೆಕ್ಕ ಹಾಕಿದ್ರಂತೆ, ಹಾಗೆ.

ಮಗಳ ಮಾತಲ್ಲೂ ಅರ್ಧ ನಿಜ ಇದೆ. ಹಾಳೆಗಳನ್ನ ಜೋಡಿಸೋಕೆ, ಓಡಿಸಿ ನೋಡೋಕೆ ಅವಳ ಕಂಪ್ಯೂಟರ್ ಬಳಸ್ಕೊಳ್ಳಿ, ಕ್ರಿತಾ ಅನ್ನೋ ಸಾಫ್ಟ್‌ವೇರ್ ದುಡ್ಡಿಲ್ಲದೆ ಸಿಗತ್ತೆ. ಬರೆಯೋದು ಮಾತ್ರ ನಿಮ್ಮ ಬ್ರಷ್ಷಲ್ಲೇ ಇರಲಿ.

ಪ್ರಶ್ನೆ: ನಾನು ಪೇಂಟಿಂಗ್ ಓದ್ತಿರೋ ಸ್ಟೂಡೆಂಟ್. ಅನಿಮೇಷನ್ ಮಾಡ್ತೀನಿ ಅಂದ್ರೆ ಕ್ಲಾಸಲ್ಲಿ "ಅದು ಕಾರ್ಟೂನ್‌ನೋರ ಕೆಲಸ, ಪೇಂಟಿಂಗ್ ಅಲ್ಲ" ಅಂತಾರೆ. ನಿಜವಾದ ಪೇಂಟರ್‌ಗಳು ಯಾರಾದ್ರೂ ಇದನ್ನ ಮಾಡಿದ್ದಾರಾ? ನಮ್ಮ ದೇಶದಲ್ಲಿ? (ಶಿವಮೊಗ್ಗ)

ಉತ್ತರ: ಮಾಡಿದ್ದಾರೆ, ಅದೂ ಪೇಂಟಿಂಗ್ ಒಳಗಿನ ಪ್ರಶ್ನೆಗೆ ಉತ್ತರ ಹುಡುಕ್ಕೊಂಡೇ ಹೋಗಿದ್ದಾರೆ. ಪ್ಯಾರಿಸ್‌ನಲ್ಲಿದ್ದ ಲಿಯೊಪೋಲ್ಡ್ ಸರ್ವಾಜ್ 1913ರ ಹೊತ್ತಿಗೆ ಬಣ್ಣದ ಆಕಾರಗಳು ಸಂಗೀತದ ಹಾಗೆ ಕಾಲದಲ್ಲಿ ಹರೀಬೇಕು ಅಂತ ನೂರಕ್ಕೂ ಹೆಚ್ಚು ಚಿತ್ರ ಬರೆದಿಟ್ರು, ಅದನ್ನ ಸಿನಿಮಾ ಮಾಡೋ ಆಸೆ, ಅಷ್ಟರಲ್ಲಿ 1914ರ ಯುದ್ಧ ಬಂತು, ಸಿನಿಮಾ ಆಗಲೇ ಇಲ್ಲ. ಆ ಹಾಳೆಗಳು ಇವತ್ತೂ ಮ್ಯೂಸಿಯಮ್ಮಲ್ಲಿ ನಿಂತ ಚಿತ್ರಗಳಾಗೇ ಇವೆ, ನನಗೆ ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ. ಜರ್ಮನಿಯ ವಾಲ್ಟರ್ ರುಟ್ಮನ್ ಕೂಡ ಪೇಂಟರ್, ಅವರು ಗಾಜಿನ ಮೇಲೆ ಬಣ್ಣ ಬಳಿದು, ಒಂದು ಫ್ರೇಮ್ (ಸಿನಿಮಾದ ಒಂದು ಬಿಡಿ ಫೋಟೋ) ತೆಗೆದು, ಹಸಿ ಬಣ್ಣಾನೇ ಒರೆಸಿ ಜರುಗಿಸಿ ಇನ್ನೊಂದು ಫ್ರೇಮ್ ತೆಗೆದು, 1921ರಲ್ಲಿ 'ಓಪಸ್ 1' ಮಾಡಿದ್ರು. ಕಥೆ ಇಲ್ಲ, ಮನುಷ್ಯರಿಲ್ಲ, ಬರೀ ಆಕಾರ, ಬಣ್ಣ, ಜೊತೆಗೆ ಅದಕ್ಕೇ ಅಂತ ಬರೆಸಿದ ಸಂಗೀತ. ಸ್ವೀಡನ್ನಿನ ವೈಕಿಂಗ್ ಎಗ್ಗೆಲಿಂಗ್ ಉದ್ದನೆ ಸುರುಳಿ ಹಾಳೆ ಮೇಲೆ ಒಂದು ಆಕಾರ ಹಂತಹಂತವಾಗಿ ಬದಲಾಗೋದನ್ನ ಬರೀತಾ ಬರೀತಾ, ಇದು ಹಾಳೆ ಮೇಲೆ ಸಾಲಲ್ಲ ಅಂತ ಸಿನಿಮಾಕ್ಕೆ ಬಂದವರು. ಅವರ 'ಡಯಾಗನಲ್ ಸಿಂಫನಿ' ಮುಗಿದು ಜನ ನೋಡೋ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತ್ತು, 1925ರಲ್ಲಿ ಬರ್ಲಿನ್ನಲ್ಲಿ ತೀರಿಕೊಂಡ್ರು.

ನಮ್ಮ ದೇಶದಲ್ಲಿ ಅಂತ ಕೇಳಿದ್ರಲ್ಲ, ಅಕ್ಬರ್ ಪದಮ್ಸೀ ಹೆಸರು ನಿಮ್ಮ ಕ್ಲಾಸಿನವರಿಗೆ ಹೇಳಿ. ಬಾಂಬೆಯ ದೊಡ್ಡ ಪೇಂಟರ್, ಬೂದು ಬಣ್ಣದ ಕ್ಯಾನ್ವಾಸ್‌ಗಳು, 'ಮೆಟಾಸ್ಕೇಪ್' ಸರಣಿ ಇದಕ್ಕೆಲ್ಲ ಪ್ರಸಿದ್ಧರು. 1969ರ ಹೊತ್ತಿಗೆ ಅವರಿಗೆ ನೆಹರೂ ಫೆಲೋಶಿಪ್ ಸಿಕ್ಕಿತ್ತು, ಆ ದುಡ್ಡಲ್ಲಿ ಅವರು ತಮ್ಮೊಬ್ಬರ ಕೆಲಸ ಮಾಡ್ಕೊಂಡು ಕೂರಲಿಲ್ಲ, ಪೇಂಟರ್‌ಗಳು, ಸಿನಿಮಾದವರು, ಫೋಟೋಗ್ರಾಫರ್‌ಗಳು ಎಲ್ಲ ಸೇರಿ ಪ್ರಯೋಗ ಮಾಡಲಿ ಅಂತ 'ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್' ಶುರು ಮಾಡಿದ್ರು. ಆಗಿನ್ನೂ ಚಿಕ್ಕ ವಯಸ್ಸಿನ ಕಲಾವಿದೆ ನಳಿನಿ ಮಾಲಾನಿ ಅಲ್ಲೇ ಸ್ಟಾಪ್ ಮೋಷನ್ನಲ್ಲಿ (ವಸ್ತುಗಳನ್ನ ಚೂರು ಚೂರೇ ಜರುಗಿಸಿ ಒಂದೊಂದು ಫೋಟೋ ತೆಗೆಯೋ ವಿಧಾನ) 'ಡ್ರೀಮ್ ಹೌಸಸ್' ಮಾಡಿದ್ದು. ಪದಮ್ಸೀ ಅವರೇ ಮಾಡಿದ್ದು 'ಸಿಝಿಜಿ', ಕಪ್ಪು ಬಿಳುಪು, ಶಬ್ದ ಇಲ್ಲ, 11 ನಿಮಿಷ. ಅದಕ್ಕೆ ಸಾವಿರದಷ್ಟು ಚಿತ್ರ ಬರೆದಿದ್ರು, ಎಲ್ಲಾ ಬಿಂದು, ಗೆರೆ, ಕೋನ, ಯಾವ ಗೆರೆ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಸಂಖ್ಯೆಗಳ ಲೆಕ್ಕಾಚಾರ ಇಟ್ಕೊಂಡಿದ್ರು. ಅನಿಮೇಷನ್ನಿಗೆ ಕೈ ಜೋಡಿಸಿದ್ದು ರಾಮ್ ಮೋಹನ್, ಕೇಂದ್ರ ಸರ್ಕಾರದ ಸಿನಿಮಾ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ವಿಭಾಗದಲ್ಲಿ ಪಳಗಿದವರು. ನೋಡಿ, ಪೇಂಟರ್ ಒಬ್ಬರು, ಕಾರ್ಟೂನ್ ಕಲಿತವರೊಬ್ಬರು, ಇಬ್ಬರೂ ಒಂದೇ ಟೇಬಲ್ಲಲ್ಲಿ. ನಿಮ್ಮ ಕ್ಲಾಸಿನವರು ಎಳೀತಿರೋ ಗೋಡೆ ಅಲ್ಲಿ ಇರಲೇ ಇಲ್ಲ.

ಆ ಸಾವಿರ ಚಿತ್ರ 11 ನಿಮಿಷಕ್ಕೆ ಅನ್ನೋ ಲೆಕ್ಕ ಒಂದ್ಸಲ ಗಮನಿಸಿ. ಸೆಕೆಂಡಿಗೆ 12 ಚಿತ್ರದ ಲೆಕ್ಕ ಹಿಡಿದ್ರೆ ಸಾವಿರ ಚಿತ್ರ ಒಂದೂವರೆ ನಿಮಿಷ ಕೂಡ ಬರಲ್ಲ. ಅಂದ್ರೆ ಪ್ರೇಕ್ಷಕ ಒಂದೊಂದು ಗೆರೇನೂ ನೋಡೋಕೆ ಅಲ್ಲಿ ಸಮಯ ಇದೆ. ಪೇಂಟರ್ ಅನಿಮೇಷನ್ನಿಗೆ ತರೋದು ಇದನ್ನೇ ಅಂತ ನಾನು ನಂಬ್ತೀನಿ, ನಿಂತು ನೋಡೋ ಅಭ್ಯಾಸ. ನುಣ್ಣಗೆ ಓಡಿಸೋಕೆ ಸ್ಟುಡಿಯೋಗಳಿವೆ, ನೂರಾರು ಜನ ಇದ್ದಾರೆ. ನಿಮಗೆ ಒಂದು ಗೆರೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೋಗಬೇಕು ಅನ್ನೋದು ಗೊತ್ತಿದ್ರೆ ಅದೇ ದೊಡ್ಡದು. ಕೆನಡಾದಲ್ಲಿ ಕೆಲಸ ಮಾಡಿದ ಅನಿಮೇಷನ್ ಕಲಾವಿದ ನಾರ್ಮನ್ ಮೆಕ್ಲಾರೆನ್ ಹೇಳ್ತಿದ್ದುದೂ ಇದೇ ಅರ್ಥದ ಮಾತು, ಒಂದು ಫ್ರೇಮಲ್ಲಿ ಏನಿದೆ ಅನ್ನೋದಕ್ಕಿಂತ ಎರಡು ಫ್ರೇಮಿನ ನಡುವೆ ಏನಾಗತ್ತೆ ಅನ್ನೋದು ಮುಖ್ಯ ಅಂತ.

ಕಡಿಮೆ ಖರ್ಚಲ್ಲಿ ನಾಳೆನೇ ಶುರು ಮಾಡ್ಬೇಕು ಅಂದ್ರೆ ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ದಾರಿ ಹಿಡೀರಿ. 1989ರಿಂದ ಅವರು ಮಾಡ್ಕೊಂಡು ಬಂದಿದ್ದು ಏನು ಅಂದ್ರೆ, ಒಂದು ದೃಶ್ಯಕ್ಕೆ ಒಂದೇ ಹಾಳೆ, ಇದ್ದಿಲಲ್ಲಿ ಬರೆಯೋದು, ಕ್ಯಾಮೆರಾ ಹತ್ರ ಹೋಗಿ ಒಂದೆರಡು ಫ್ರೇಮ್ ತೆಗೆಯೋದು, ವಾಪಸ್ ಬಂದು ಸ್ವಲ್ಪ ಅಳಿಸಿ ಮತ್ತೆ ಬರೆಯೋದು. ಇದ್ದಿಲು ಪೂರ್ತಿ ಅಳಿಯಲ್ಲ, ಹಿಂದೆ ಇದ್ದಿದ್ದರ ನೆರಳು ಹಾಳೆ ಮೇಲೆ ಉಳಿಯತ್ತೆ, ಮನುಷ್ಯ ನಡೆದು ಹೋದ್ರೆ ಅವನು ನಡೆದ ದಾರಿನೂ ಕಾಣ್ತಿರತ್ತೆ. ಅಪಾರ್ಥೈಡ್ (ಸರ್ಕಾರದ ವರ್ಣಭೇದ ನೀತಿ) ಕಾಲದ ದೇಶದ ನೆನಪಿನ ಬಗ್ಗೆ ಮಾತಾಡೋಕೆ ಆ ಅರ್ಧ ಅಳಿದ ಗೆರೆಗಿಂತ ಒಳ್ಳೆ ಸಾಧನ ಅವರಿಗೆ ಸಿಗ್ತಿರಲಿಲ್ಲ ಅನ್ಸತ್ತೆ. ನಮ್ಮ ಜಿಲ್ಲೆಯಲ್ಲೂ ಇಂಥ ವಿಷಯ ಇದೆಯಲ್ಲ, ಲಿಂಗನಮಕ್ಕಿ ನೀರಲ್ಲಿ ಮುಳುಗಿದ ಊರುಗಳು, ಗದ್ದೆಗಳು, ಬೇಸಿಗೇಲಿ ನೀರು ಇಳಿದಾಗ ಕಾಣೋ ಮರದ ಬೊಡ್ಡೆಗಳು. ಅಜ್ಜ ಅಜ್ಜಿ ಹೇಳಿದ ಮನೆ ಒಂದನ್ನ ಇದ್ದಿಲಲ್ಲಿ ಬರೆದು, ನೀರಿನ ಮಟ್ಟ ಏರಿಸ್ತಾ ಏರಿಸ್ತಾ ಅದನ್ನ ಅಳಿಸಿ ನೋಡಿ. ಒಂದು ಹಾಳೆ, ಒಂದು ಇದ್ದಿಲು ಕಡ್ಡಿ, ಒಂದು ರಬ್ಬರ್ ಸಾಕು. ಕ್ಲಾಸಲ್ಲಿ ಅದನ್ನೇ ತೋರಿಸಿ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ನೋಟ್ ಬುಕ್ಕಿನ ಮೂಲೇಲಿ ಪೂರಾ ಗೊಂಬೆ ಬರೆದು ಹಾಳೆ ಸರಸರ ಬಿಟ್ಟು ಓಡಿಸ್ತಾನೆ. ಗಣಿತದ ಪುಸ್ತಕದಲ್ಲೂ ಅದೇ. ಬೈಬೇಕಾ ಬಿಡಬೇಕಾ? (ತೀರ್ಥಹಳ್ಳಿಯ ತಾಯಿಯೊಬ್ಬರು)

ಉತ್ತರ: ಬೈಬೇಡಿ ಅಮ್ಮ. ಅವನಿಗೆ ಅಂತಲೇ ಬೇರೆ ಸಣ್ಣ ಪುಸ್ತಕ ಕೊಡಿಸಿ, ಗಣಿತದ ಪುಸ್ತಕ ಉಳ್ಕೊಳ್ಳತ್ತೆ. ಗಟ್ಟಿ ಹಾಳೆಯದ್ದು ಇರಲಿ, ತೆಳು ಹಾಳೆ ಬೆರಳಿಗೆ ಸರಿಯಾಗಿ ಬಿಡಲ್ಲ. ಚಿತ್ರ ಬರೆಯೋದನ್ನ ಕೊನೇ ಹಾಳೆಯಿಂದ ಶುರು ಮಾಡಿ ಮುಂದಕ್ಕೆ ಬರೋಕೆ ಹೇಳಿ, ಹಿಂದಿನ ಚಿತ್ರದ ಗೆರೆ ಮೇಲಿನ ಹಾಳೇಲಿ ಅಷ್ಟಿಷ್ಟು ಕಾಣತ್ತೆ, ಅದನ್ನ ನೋಡ್ಕೊಂಡು ಬರೀಬಹುದು. ಒಂದು ಚೆಂಡು ಪುಟಿಯೋದು ಬರೆಯೋಕೆ ಹೇಳಿ, ಮೇಲೆ ಹೋದಾಗ ನಿಧಾನ, ಕೆಳಗೆ ಬರೋವಾಗ ಜೋರು, ಅದನ್ನ ಅಳತೆ ಹಾಕಿ ಬರೀತಾನೆ ಅಂದ್ರೆ ಗಣಿತಾನೂ ಕಲೀತಿದ್ದಾನೆ ಅಂತಲೇ ಲೆಕ್ಕ.

ಪ್ರಶ್ನೆ: ಒಂದು ನಿಮಿಷಕ್ಕೆ ಎಷ್ಟು ಚಿತ್ರ ಬೇಕು? ನಮ್ಮ ದೇಶದ ಮೊದಲ ಅನಿಮೇಷನ್ ಯಾವುದು? (ಹೊಸನಗರ)

ಉತ್ತರ: ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರಾನ ಎರಡು ಫ್ರೇಮ್ ಹಿಡಿದ್ರೆ 12 ಚಿತ್ರ, ನಿಮಿಷಕ್ಕೆ 720. ಮೂರು ಫ್ರೇಮ್ ಹಿಡಿದ್ರೆ ನಿಮಿಷಕ್ಕೆ 480, ಅಂದ್ರೆ 500 ಹಾಳೆಯ ಒಂದು ಬಂಡಲ್ಲಲ್ಲಿ ಒಂದು ನಿಮಿಷ ಮುಗಿಯತ್ತೆ, ಶುರು ಮಾಡೋರಿಗೆ ಅದು ಸಾಕು. ಎರಡನೇ ಪ್ರಶ್ನೆಗೆ, ದಾದಾಸಾಹೇಬ್ ಫಾಲ್ಕೆ 1915ರ ಸುಮಾರಿಗೆ ಬೆಂಕಿಕಡ್ಡಿಗಳನ್ನ ಜರುಗಿಸಿ ಜರುಗಿಸಿ ಒಂದು ಕಿರುಚಿತ್ರ ಮಾಡಿದ್ರು, ಆದ್ರೆ ಅದು ಬರೆದಿದ್ದಲ್ಲ. ಬರೆದ ಚಿತ್ರಗಳಲ್ಲಿ 1934ರ 'ದಿ ಪೀ ಬ್ರದರ್ಸ್' ಹಳೇದು. ಫಿಲ್ಮ್ಸ್ ಡಿವಿಜನ್ನಿನಲ್ಲಿ ಡಿಸ್ನಿಯಿಂದ ಬಂದ ಕ್ಲೇರ್ ವೀಕ್ಸ್ ಇಲ್ಲಿನವರಿಗೆ ತರಬೇತಿ ಕೊಟ್ಟು, ಜಾತಕ ಕಥೆ ಆಧರಿಸಿದ 'ದಿ ಬ್ಯಾನ್ಯನ್ ಡೀರ್' ಬಂದಿದ್ದು 1957ರಲ್ಲಿ.

ಪ್ರಶ್ನೆ: ನಮ್ಮನೇಲಿ ಅಜ್ಜಿ ಕಾಲದಿಂದ ಹಸೆ ಚಿತ್ತಾರ, ಅದೇ ಮದುವೆಗೆ ಗೋಡೆ ಮೇಲೆ ಬರೆಯೋ ಚಿತ್ರ, ಬರೀತಾರೆ, ನಾನೂ ಕಲಿತಿದ್ದೀನಿ. ಇದನ್ನ ಅನಿಮೇಷನ್ ಮಾಡಬಹುದಾ? ಮಾಡಿದ್ರೆ ತಪ್ಪಾಗಲ್ವಾ? (ಸೊರಬದ ಯುವತಿ)

ಉತ್ತರ: ತಪ್ಪಾಗತ್ತಾ ಅನ್ನೋದನ್ನ ನಾನು ಹೇಳೋದಕ್ಕಿಂತ ನಿಮ್ಮ ಅಜ್ಜಿ ಹೇಳಬೇಕು, ಮೊದಲು ಅವರನ್ನೇ ಕೇಳಿ. ಅವರು ಒಪ್ಪಿದ್ರೆ ಕ್ಯಾಮೆರಾ ಮುಂದೆ ಅವರೇ ಬರೀಲಿ, ಕೊನೇಲಿ ಅವರ ಹೆಸರು ಮೊದಲು ಬರಲಿ. ದೀವರು ಸಮುದಾಯದ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಬರೆದ ಚಿತ್ತಾರ ಪುಸ್ತಕದಲ್ಲಿ, ಬಟ್ಟೆ ಮೇಲೆ, ಆಫೀಸ್ ಗೋಡೆ ಮೇಲೆ ಎಲ್ಲ ಬಂತು, ಬರೆದೋರ ಹೆಸರು ಮಾತ್ರ ಬರಲಿಲ್ಲ. ಇದರ ಬಗ್ಗೆ ನನಗೆ ತುಂಬಾ ಬೇಜಾರಿದೆ.

ಮಾಡೋ ವಿಧಾನದ ಬಗ್ಗೆ ಹೇಳ್ತೀನಿ. ಚಿತ್ತಾರಾನ ಸ್ಕ್ಯಾನ್ ಮಾಡಿ ಅದರಲ್ಲಿರೋ ಮದುಮಕ್ಕಳನ್ನ ಕತ್ತರಿಸಿ ಕುಣಿಸೋದು ಬೇಡ, ಅದು ಚಿತ್ತಾರದ ಗುಣ ಅಲ್ಲ. ಅದರ ಜೀವ ಇರೋದು ಗೆರೆ ಎಳೆಯೋದ್ರಲ್ಲಿ, ಪುಂಡಿ ನಾರಿನ ಬ್ರಷ್ಷು ಕೆಮ್ಮಣ್ಣಿನ ಮೇಲೆ ಒಂದೇ ದಪ್ಪಕ್ಕೆ ಹೋಗೋದ್ರಲ್ಲಿ. ಹಾಗಾಗಿ ಕ್ಯಾಮೆರಾನ ಸ್ಟ್ಯಾಂಡಿಗೆ ಗಟ್ಟಿ ಕಟ್ಟಿ, ಒಂದಿಷ್ಟು ಗೆರೆ ಎಳೆದು, ಕೈ ಪಕ್ಕಕ್ಕೆ ತೆಗೆದು ಒಂದು ಫ್ರೇಮ್, ಮತ್ತೆ ಅಷ್ಟು ಗೆರೆ, ಮತ್ತೊಂದು ಫ್ರೇಮ್. ಒಂದು ವಿಷಯ ನಿಮಗೆ ಗೊತ್ತೇ ಇರತ್ತೆ, ಅಕ್ಕಿ ಹಿಟ್ಟಿನ ಬಿಳಿ ಹಸಿ ಇದ್ದಾಗ ಮಂಕಾಗಿ ಕಾಣತ್ತೆ, ಒಣಗ್ತಾ ಒಣಗ್ತಾ ಬೆಳ್ಳಗಾಗತ್ತೆ. ಬೇಗ ಬೇಗ ಫ್ರೇಮ್ ತೆಗೆದ್ರೆ ಹಿಂದಿನ ಗೆರೆ ಬೆಳ್ಳಗೆ ಮುಂದಿನದ್ದು ಮಂಕು ಅಂತ ಏರುಪೇರು ಬರತ್ತೆ. ಅದು ಬೇಡ ಅಂದ್ರೆ ಒಣಗೋತನಕ ಕಾಯಿರಿ. ನಾನಾದ್ರೆ ಅದನ್ನ ಇಟ್ಕೋತೀನಿ, ಒಂದು ಭಾಗ ಪೂರ್ತಿ ಬರೆದು ಮುಗಿಸಿ, ಆಮೇಲೆ ಏನೂ ಮುಟ್ಟದೆ ಹತ್ತು ಸೆಕೆಂಡಿಗೊಂದು ಫೋಟೋ ತೆಗೀತಾ ಹೋದ್ರೆ ಗೋಡೆ ಮೇಲೆ ಚಿತ್ತಾರ ತಾನೇ ತಾನಾಗಿ ಬೆಳಗ್ತಾ ಬರತ್ತೆ. ಮದುವೆ ಮನೇಲಿ ಬರೆಯೋವಾಗ ಹೇಳೋ ಹಾಡಿದ್ಯಲ್ಲ, ಅದನ್ನ ಅಜ್ಜಿ ದನೀಲೇ ರೆಕಾರ್ಡ್ ಮಾಡಿ ಜೊತೆಗೆ ಹಾಕಿ.

ಇನ್ನೊಂದು ಪ್ರಯೋಗ ಇದೆ, ಇದನ್ನ ಯಾರಾದ್ರೂ ಮಾಡಲಿ ಅಂತ ನನಗೆ ತುಂಬಾ ದಿನದಿಂದ ಆಸೆ. ಫ್ರಾನ್ಸಿನ ಎಮಿಲ್ ರೇನೋ 1877ರಲ್ಲಿ ಪ್ರಾಕ್ಸಿನೋಸ್ಕೋಪ್ ಅಂತ ಒಂದು ಆಟಿಕೆ ಮಾಡಿದ್ರು, ದುಂಡನೆ ಡಬ್ಬಿಯ ಒಳಸುತ್ತಿಗೆ 12 ಚಿತ್ರ, ನಡುವೆ ಕನ್ನಡಿಗಳು, ತಿರುಗಿಸಿದ್ರೆ ಚಿತ್ರ ಓಡತ್ತೆ. ಭೂಮಿ ಹುಣ್ಣಿಮೆಗೆ ನೀವು ಚಿತ್ತಾರ ಬರೆದು ಗದ್ದೆ ಪೂಜೆಗೆ ಒಯ್ಯೋ ಭೂಮಣ್ಣಿ ಬುಟ್ಟಿನೂ ದುಂಡಗೇ ಇರತ್ತಲ್ಲ. ಪೂಜೆ ಬುಟ್ಟಿ ಮುಟ್ಟಬೇಡಿ, ಬೇರೆ ಒಂದು ಬುಟ್ಟಿಗೆ ಕೆಮ್ಮಣ್ಣು ಬಳಿದು, ಸುತ್ತಲೂ 12 ಸಮ ಭಾಗ ಮಾಡಿ, ಒಂದು ಬತ್ತದ ಸಸಿ ಮೊದಲ ಭಾಗದಲ್ಲಿ ಮೊಳಕೆ, ಕೊನೇ ಭಾಗದಲ್ಲಿ ತೆನೆ ಬಾಗಿ ನಿಂತಿರೋ ಹಾಗೆ ಬರೀರಿ. ಬುಟ್ಟಿನ ಹಳೇ ಮಣೆ ಮೇಲೆ ಇಟ್ಟು ಒಂದೊಂದು ಭಾಗದಷ್ಟೇ ತಿರುಗಿಸ್ತಾ ಒಂದೊಂದು ಫೋಟೋ ತೆಗೀರಿ, ಕ್ಯಾಮೆರಾ ಅಲ್ಲಾಡಬಾರದು. ಓಡಿಸಿದ್ರೆ ಸೆಕೆಂಡಿನಲ್ಲಿ ಗದ್ದೆ ಬೆಳೆಯತ್ತೆ, ಮುಗಿದ ಕೂಡಲೇ ಮತ್ತೆ ಮೊಳಕೆಯಿಂದ ಶುರು. ತುಂಬಾ ಜೋರಾಯ್ತು ಅನ್ಸಿದ್ರೆ ಒಂದೊಂದು ಫೋಟೋನ ನಾಲ್ಕು ಫ್ರೇಮ್ ಹಿಡೀರಿ. ಮಾಡಿದ್ರೆ ನಮ್ಮ ವಿಳಾಸಕ್ಕೆ ಖಂಡಿತ ಕಳಿಸಿ, ಅಜ್ಜಿ ಹೆಸರು ನಿಮ್ಮ ಹೆಸರು ಎರಡೂ ಸೇರಿಸಿ.